‘ಸರಪಳಿ ಘರ್ಷಣೆಯನ್ನು ಹೆಚ್ಚಿಸುತ್ತದೆ’ – ಇಷ್ಟೇ ಉತ್ತರ ಸಾಕೆ?

“ಹಿಮ ಬಿದ್ದ ರಸ್ತೆಯಲ್ಲಿ ಓಡುವ ವಾಹನಗಳ ಚಕ್ರಕ್ಕೆ ಸರಪಳಿ ಸುತ್ತುತ್ತಾರೆ. ಕಾರಣ ಕೊಡಿ.” ಘರ್ಷಣೆಯ ಪಾಠ ಮುಗಿದೊಡನೆ ಕೇಳುವ ಒಂದು ಅಂಕದ ಪ್ರಶ್ನೆ ಇದು. ಉತ್ತರವೂ ಅಷ್ಟೇ ಚಿಕ್ಕದು: ‘ಸರಪಳಿ ಘರ್ಷಣೆಯನ್ನು ಹೆಚ್ಚಿಸುತ್ತದೆ’. ಮೂವತ್ತು ವರ್ಷಗಳಿಂದ ನಾನು ಈ ಉತ್ತರಕ್ಕೆ ಪೂರ್ಣ ಅಂಕ ಕೊಡುತ್ತ ಬಂದಿದ್ದೇನೆ. ಹಿಮವನ್ನೇ ಕಾಣದ ಊರಿನಲ್ಲಿ ಕುಳಿತು, ಸರಪಳಿಯನ್ನು ಎಂದೂ ಮುಟ್ಟದೆ, ಬರೆದವರೂ ತಿದ್ದಿದವರೂ ಸಂತೃಪ್ತರು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯದಿಂದ ಬಂದವನು ಒಂದು ಪ್ರಸಂಗ ಹೇಳಿದ. ಸ್ಯಾನ್ ಹೋಸೆ, ಸನ್ನಿವೇಲ್ ಕಡೆ ಇರುವ ನಮ್ಮವರು ಚಳಿಗಾಲದಲ್ಲಿ ಹಿಮ ನೋಡಲು ಲೇಕ್ ಟಾಹೋಗೆ ಹೋಗುವುದು ವಾಡಿಕೆ. ದಾರಿಯಲ್ಲಿ ಸಿಯೆರಾ ನೆವಾಡ ಪರ್ವತದ ಡಾನರ್ ಕಣಿವೆ ದಾಟಬೇಕು. ಸುಮಾರು 2200 ಮೀಟರ್ ಎತ್ತರ. ಅಂದು ಹಿಮ ಬೀಳುತ್ತಿತ್ತು. ಸರಪಳಿ ಕಟ್ಟಿ ಎಂಬ ಫಲಕ ಹಾಕಿದ್ದರು. ಈತ ಪೆಟ್ಟಿಗೆಯಿಂದ ಸರಪಳಿ ತೆಗೆದು ಹಿಂದಿನ ಎರಡು ಚಕ್ರಕ್ಕೆ ಕಟ್ಟಿದ. ಅವರ ಮನೆಯಲ್ಲಿ ಹಿಂದೆ ಇದ್ದದ್ದು ಅಂಬಾಸಿಡರ್. ಅದರಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಈಗಿನ ಕಾರಿನಲ್ಲಿ ಬಲ ಮುಂದಿನ ಚಕ್ರಗಳಿಗೆ. ಕಾರು ಏರಿನಲ್ಲಿ ನಿಂತೇಬಿಟ್ಟಿತು, ಮುಂದಿನ ಚಕ್ರಗಳು ಸುಮ್ಮನೆ ತಿರುಗಿದವು, ಮೂತಿ ಹಳ್ಳದ ಕಡೆಗೆ ವಾಲತೊಡಗಿತು. ಹೆಂಡತಿ, ಮಗು ಒಳಗಿದ್ದರು. ರಸ್ತೆಯಂಚಿನ ಹಿಮದ ದಿಬ್ಬ ತಡೆದದ್ದರಿಂದ ಅನಾಹುತವಾಗಲಿಲ್ಲ. “ಸರ್, ಘರ್ಷಣೆ ಹೆಚ್ಚಿಸುವುದೇ ಆದರೆ ಯಾವ ಚಕ್ರಕ್ಕೆ ಕಟ್ಟಿದರೂ ಹೆಚ್ಚಬೇಕಲ್ಲ?” ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನು ಬರೆದಿದ್ದ ಉತ್ತರ ನಾನು ಕಲಿಸಿದ್ದೇ.

ಆ ಒಂದು ಸಾಲಿನ ಉತ್ತರವನ್ನು ಈಗ ಪರೀಕ್ಷಿಸೋಣ. ಅದು ತಪ್ಪೆನ್ನಲಾರೆ. ಆದರೆ ಅದೇ ಪುಸ್ತಕದ ಹಿಂದಿನ ಪುಟದೊಂದಿಗೆ ಅದು ಜಗಳವಾಡುತ್ತದೆ. 1699ರಲ್ಲಿ ಅಮೊಂಟನ್ ಹೇಳಿದ್ದು, ಮುಂದೆ 1785ರಲ್ಲಿ ಕೂಲಂಬ್ ವಿಸ್ತರಿಸಿದ್ದು: ಘರ್ಷಣ ಬಲವು ಲಂಬ ಪ್ರತಿಕ್ರಿಯೆಗೆ ಅನುಪಾತೀಯ, ಸಂಪರ್ಕ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ, ಸಂಪರ್ಕದಲ್ಲಿರುವ ವಸ್ತುಗಳನ್ನು ಅವಲಂಬಿಸುತ್ತದೆ. ಸರಪಳಿ ಸುತ್ತಿದಾಗ ಕಾರಿನ ತೂಕ ಹೆಚ್ಚುವುದು ನಾಲ್ಕಾರು ಕಿಲೋಗ್ರಾಂ ಮಾತ್ರ. ವಿಸ್ತೀರ್ಣ ಲೆಕ್ಕಕ್ಕಿಲ್ಲ. ಉಳಿದದ್ದು ವಸ್ತು. ರಬ್ಬರು ಇದ್ದ ಕಡೆ ಉಕ್ಕು ಬಂದಿದೆ. ಹಾಗಾದರೆ ಮಂಜುಗಡ್ಡೆಯ ಮೇಲೆ ಉಕ್ಕಿನ ಘರ್ಷಣ ಗುಣಾಂಕ ರಬ್ಬರಿಗಿಂತ ಹೆಚ್ಚೆ? ಅಲ್ಲವೇ ಅಲ್ಲ. ಮಂಜುಗಡ್ಡೆಯ ಮೇಲೆ ರಬ್ಬರಿನ ಗುಣಾಂಕ ಸುಮಾರು 0.1; ಸ್ಕೇಟಿನ ಉಕ್ಕಿನ ಅಲಗಿನ ಗುಣಾಂಕ 0.01ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ. ಜಾರಲೆಂದೇ ಉಕ್ಕನ್ನು ಕಾಲಿಗೆ ಕಟ್ಟಿಕೊಳ್ಳುತ್ತಾರೆ! ನಮ್ಮ ಪುಸ್ತಕದ ನಿಯಮವನ್ನೇ ಪ್ರಾಮಾಣಿಕವಾಗಿ ಅನ್ವಯಿಸಿದ ಜಾಣ ಹುಡುಗಿ ‘ಸರಪಳಿ ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂದು ಬರೆಯಬೇಕು. ಅವಳಿಗೆ ನಾವು ಸೊನ್ನೆ ಕೊಡುತ್ತೇವೆ.

ಎಡವಟ್ಟು ಎಲ್ಲಿದೆ? ಅಮೊಂಟನ್ ನಿಯಮದ ಹಿಂದೆ ಒಂದು ಮೌನವಾದ ಷರತ್ತಿದೆ: ಒಂದು ಮೇಲ್ಮೈ ಇನ್ನೊಂದರ ಮೇಲೆ ಜಾರಬೇಕು, ಒಳಗೆ ಇಳಿಯಬಾರದು. ಸರಪಳಿ ಕೆಲಸ ಮಾಡುವುದು ಈ ಷರತ್ತನ್ನು ಮುರಿಯುವುದರಿಂದಲೇ. ಲೆಕ್ಕ ನೋಡಿ. ಚಿಕ್ಕ ಕಾರಿನ ಮುಂದಿನ ಒಂದು ಚಕ್ರದ ಮೇಲಿನ ಹೊರೆ 350 ಕಿಲೋಗ್ರಾಂ ಇರಲಿ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.2 ಕಿಲೋಗ್ರಾಂ ತೂಕದಷ್ಟು. ಅಂದರೆ ರಸ್ತೆಗೆ ತಾಗುವ ಭಾಗ ಸುಮಾರು 160 ಚದರ ಸೆಂಟಿಮೀಟರು, ಒಂದು ಅಂಗೈಯಷ್ಟು. ನೆಲದ ಮೇಲಿನ ಒತ್ತಡ 0.22 ಮೆಗಾಪಾಸ್ಕಲ್. ಈಗ ಸರಪಳಿಯ ಕೊಂಡಿಗಳ ಅಂಚು ಮಾತ್ರ ತಾಗಿತೆಂದು, ಆ ಅಂಚುಗಳ ಒಟ್ಟು ವಿಸ್ತೀರ್ಣ 2 ಚದರ ಸೆಂಟಿಮೀಟರೆಂದು ಭಾವಿಸಿ. ಒತ್ತಡ 80 ಪಟ್ಟು ಹೆಚ್ಚಿ ಸುಮಾರು 17 ಮೆಗಾಪಾಸ್ಕಲ್ ಆಗುತ್ತದೆ. ಹೊರೆಯ ಸ್ವಲ್ಪ ಪಾಲನ್ನು ರಬ್ಬರು ಹೊತ್ತರೂ ಇದೇ ದರ್ಜೆಯ ಸಂಖ್ಯೆ. ಮಂಜುಗಡ್ಡೆಯ ಗಡಸುತನ ತಾಪವನ್ನೂ ಹೊರೆ ಬೀಳುವ ವೇಗವನ್ನೂ ಅವಲಂಬಿಸಿ ಕೆಲವು ಮೆಗಾಪಾಸ್ಕಲಿನಿಂದ ಕೆಲವು ಹತ್ತು ಮೆಗಾಪಾಸ್ಕಲಿನವರೆಗೆ ಇರುತ್ತದೆ. ರಬ್ಬರಿನ ಒತ್ತಡ ಅದಕ್ಕಿಂತ ಬಹಳ ಕೆಳಗೆ; ಕೊಂಡಿಯ ಅಂಚಿನ ಒತ್ತಡ ಅದರ ಮಟ್ಟದಲ್ಲೇ. ಆದ್ದರಿಂದ ಕೊಂಡಿ ಮಂಜುಗಡ್ಡೆಯೊಳಗೆ ಕಚ್ಚುತ್ತದೆ. ಚಕ್ರ ಜಾರಬೇಕಾದರೆ ಈಗ ಮಂಜುಗಡ್ಡೆಯನ್ನು ಉಳಬೇಕು, ಒಡೆಯಬೇಕು. ಎದುರಿಸುವ ಬಲ ಉಕ್ಕು–ಮಂಜುಗಡ್ಡೆ ಮೇಲ್ಮೈಗಳದ್ದಲ್ಲ, ಮಂಜುಗಡ್ಡೆಯ ಒಡಲಿನದು.

ಸ್ಕೇಟಿನ ಅಲಗೂ ಕಿರಿದಲ್ಲವೇ, ಅದೇಕೆ ಕಚ್ಚುವುದಿಲ್ಲ ಎಂದು ಕೇಳಬಹುದು. ಕಚ್ಚುತ್ತದೆ, ಅಡ್ಡಕ್ಕೆ. ಉದ್ದಕ್ಕೆ ತನ್ನದೇ ಗೀರಿನಲ್ಲಿ ಜಾರುತ್ತದೆ. ಸ್ಕೇಟು ಆಡುವವರು ಪಾದವನ್ನು ಅಡ್ಡ ತಿರುಗಿಸಿ ನಿಲ್ಲುವುದನ್ನು ನೀವು ದೂರದರ್ಶನದಲ್ಲಿ ನೋಡಿರಬೇಕು. ಇದೇ ಮಾತು ಸರಪಳಿಯ ಆಯ್ಕೆಗೂ ಬೇಕಾಗುತ್ತದೆ, ಮುಂದೆ ಬರುತ್ತೇನೆ.

ಇಲ್ಲೇ ಇನ್ನೊಂದು ಹಳೆಯ ವಿವರಣೆಯನ್ನೂ ಕೆಣಕಬೇಕು. ಒತ್ತಡದಿಂದ ಮಂಜುಗಡ್ಡೆ ಕರಗಿ ಜಾರುತ್ತದೆ ಎಂದು ಅನೇಕ ಪುಸ್ತಕಗಳು ಈಗಲೂ ಹೇಳುತ್ತಿವೆ. ಒತ್ತಡ ಹೆಚ್ಚಿದರೆ ಕರಗುವ ಬಿಂದು ಇಳಿಯುವುದು ನಿಜ. 1849ರಲ್ಲಿ ಜೇಮ್ಸ್ ಥಾಮ್ಸನ್ ಇದನ್ನು ತರ್ಕದಿಂದ ತೋರಿಸಿದ. ಆದರೆ ಒಂದು ಡಿಗ್ರಿ ಇಳಿಸಲು ಸುಮಾರು 135 ವಾತಾವರಣ ಒತ್ತಡ ಬೇಕು. ಟೈರು ಕೊಡುವ ಎರಡು ವಾತಾವರಣ ಒತ್ತಡಕ್ಕೆ ಇಳಿಯುವುದು ಡಿಗ್ರಿಯ ನೂರರಲ್ಲಿ ಒಂದೂವರೆ ಭಾಗ. ಟೈರು ಜಾರುವುದಕ್ಕೆ ಇದು ಕಾರಣವಾಗಲಾರದು. ಮಂಜುಗಡ್ಡೆಯ ಮೇಲ್ಮೈಯಲ್ಲಿ ಕರಗುವ ಬಿಂದುವಿಗಿಂತ ಕೆಳಗೂ ಸಡಿಲವಾದ ತೆಳುಪದರ ಇರುತ್ತದೆ. ಈ ದಿಕ್ಕಿನಲ್ಲಿ 1850ರಲ್ಲೇ ಫ್ಯಾರಡೆ ಯೋಚಿಸಿದ್ದ. ಜೊತೆಗೆ ಉಜ್ಜುವಾಗ ಹುಟ್ಟುವ ಉಷ್ಣದಿಂದ ನೀರು ಉಂಟಾಗುತ್ತದೆಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದರು. ಹಾಗಾಗಿಯೇ ಸೊನ್ನೆ ಡಿಗ್ರಿಯ ಸಮೀಪದ ಒದ್ದೆ ಮಂಜುಗಡ್ಡೆ ಮೈನಸ್ 20ರ ಮಂಜುಗಡ್ಡೆಗಿಂತ ಹೆಚ್ಚು ಅಪಾಯಕಾರಿ. ಸಿಕ್ಕಿಕೊಂಡ ಕಾರಿನ ಚಕ್ರವನ್ನು ರೊಂಯ್ಯೆಂದು ತಿರುಗಿಸುವವರು ತಾವೇ ಆ ನೀರನ್ನು ತಯಾರಿಸುತ್ತಿರುತ್ತಾರೆ.

ಮೆತ್ತನೆಯ ಹಿಮದಲ್ಲಿ ಕತೆ ಬೇರೆ. ಅಲ್ಲಿ ಸರಪಳಿ ಹಿಮವನ್ನು ಒತ್ತಿ ಗಟ್ಟಿ ಮಾಡಿ, ಆ ಅಚ್ಚಿಗೆ ಹಲ್ಲುಚಕ್ರದಂತೆ ಸಿಕ್ಕಿ ಮುಂದೆ ಸಾಗುತ್ತದೆ. ಗರಿಷ್ಠ ಬಲವನ್ನು ನಿರ್ಧರಿಸುವುದು ಒತ್ತಿದ ಹಿಮದ ಕತ್ತರಿ-ಬಲ. ನಮ್ಮ ಗದ್ದೆಯ ಕೆಸರಿನಲ್ಲಿ ಟ್ರಾಕ್ಟರಿಗೆ ಕಬ್ಬಿಣದ ಹಲ್ಲಿನ ಚಕ್ರ ಹಾಕುವುದನ್ನು ಬಲ್ಲ ಹಳ್ಳಿಯ ಮಕ್ಕಳಿಗೆ ಇದನ್ನು ಎರಡು ನಿಮಿಷದಲ್ಲಿ ಹೇಳಬಹುದು. ಪುಸ್ತಕಕ್ಕೆ ಈ ಉದಾಹರಣೆ ಏಕೆ ಹೊಳೆಯಲಿಲ್ಲವೋ ತಿಳಿಯದು.

ಸರಪಳಿಯನ್ನು ಮೊದಲು ರೂಪಿಸಿದವನಿಗೂ ನಿಯಮಕ್ಕಿಂತ ನೋಟವೇ ದಾರಿ ತೋರಿತು. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಎಂಬ ಊರಿನ ಹ್ಯಾರಿ ವೀಡ್, ಕೆಸರು-ಹಿಮದಲ್ಲಿ ಜನ ಚಕ್ರಕ್ಕೆ ಹಗ್ಗ ಸುತ್ತುವುದನ್ನು ಕಂಡು, ಅದರ ಬದಲಿಗೆ ಉಕ್ಕಿನ ಸರಪಳಿ ಸುತ್ತಿ 1904ರಲ್ಲಿ ಪೇಟೆಂಟ್ ಪಡೆದ.

ಈಗ ಯಾವ ಚಕ್ರ ಎಂಬ ಪ್ರಶ್ನೆ. ಸಾಮಾನ್ಯ ಕಾರಿನಲ್ಲಿ ತೂಕದ ಶೇಕಡ 60ರಷ್ಟು ಮುಂದಿನ ಚಕ್ರಗಳ ಮೇಲೆ, ಎಂಜಿನ್ನಿನ ಬಲವೂ ಅಲ್ಲಿಗೇ. ಗುಣಾಂಕ 0.1 ಇದ್ದರೆ ಆ ಕಾರು ಏರಬಲ್ಲ ಇಳಿಜಾರು ಹೆಚ್ಚೆಂದರೆ 0.6 × 0.1, ಅಂದರೆ ಶೇಕಡ 6. ಏರಿನಲ್ಲಿ ತೂಕ ಕೊಂಚ ಹಿಂದಕ್ಕೆ ಸರಿಯುವುದರಿಂದ ನಿಜಕ್ಕೂ ಅದಕ್ಕಿಂತ ತುಸು ಕಡಿಮೆ. ನೂರು ಮೀಟರಿಗೆ ಆರು ಮೀಟರು ಏರುವುದು ಘಟ್ಟದ ರಸ್ತೆಗೆ ಸಾಧಾರಣ ಸಂಗತಿ. ನನ್ನ ವಿದ್ಯಾರ್ಥಿ ಹಿಂದಿನ ಚಕ್ರಕ್ಕೆ ಕಟ್ಟಿದಾಗ ಈ 0.06 ಎಳ್ಳಷ್ಟೂ ಬದಲಾಗಲಿಲ್ಲ. ಎಳೆಯುವ ಚಕ್ರ, ದಿಕ್ಕು ತಿರುಗಿಸುವ ಚಕ್ರ ಎರಡೂ ಬರಿಯ ರಬ್ಬರಿನಲ್ಲೇ ಉಳಿದವು. ಆದ್ದರಿಂದ ಎಂಜಿನ್ನಿನ ಬಲ ಹೋಗುವ ಚಕ್ರಕ್ಕೇ ಸರಪಳಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ವಾಹನದಲ್ಲಿ ಯಾವ ಅಚ್ಚಿಗೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಕೈಪಿಡಿ ನೋಡದೆ ಕಟ್ಟಬಾರದು. ನಾಲ್ಕಕ್ಕೂ ಕಟ್ಟಲು ಅವಕಾಶವಿದ್ದರೆ ಅದೇ ಒಳ್ಳೆಯದು.

ನಾಲ್ಕು ಚಕ್ರದ ಬಲವಿದ್ದರೆ ಸರಪಳಿ ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಮಾರಾಟಗಾರರೂ ಅದನ್ನು ಅಲ್ಲಗಳೆಯುವುದಿಲ್ಲ. ಏರುವಾಗ ಅದರಲ್ಲಿ ಅರ್ಧ ಸತ್ಯವಿದೆ: ಶೇಕಡ 6ರ ಬದಲು 10ರ ಏರು ಹತ್ತಬಹುದು. ಇಳಿಯುವಾಗ ಅದು ಪೂರ್ಣ ಸುಳ್ಳು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೆ ಇರುತ್ತದೆ. ನಿಲ್ಲಿಸುವುದರಲ್ಲಿ ದುಬಾರಿ ವಾಹನಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಗಂಟೆಗೆ 30 ಕಿ.ಮೀ. ವೇಗದ ಕಾರನ್ನು ತೆಗೆದುಕೊಳ್ಳಿ. ಗುಣಾಂಕ 0.1 ಇರುವ ಸಮತಟ್ಟಿನ ಮಂಜುಗಡ್ಡೆಯಲ್ಲಿ ಅದು 35 ಮೀಟರಿನಲ್ಲಿ ನಿಲ್ಲುತ್ತದೆ. ಶೇಕಡ 6ರ ಇಳಿಜಾರಿನಲ್ಲಿ ಗುರುತ್ವವು 0.06 ಪಾಲನ್ನು ಕಸಿದುಕೊಳ್ಳುವುದರಿಂದ ಉಳಿಯುವುದು 0.04, ನಿಲ್ಲುವ ದೂರ 89 ಮೀಟರು. ಒದ್ದೆ ಮಂಜುಗಡ್ಡೆಯಲ್ಲಿ ಗುಣಾಂಕ 0.05ಕ್ಕೆ ಇಳಿದರೆ? ಉತ್ತರ ಋಣಾತ್ಮಕ. ಬ್ರೇಕು ಪೂರ್ತಿ ಒತ್ತಿದ್ದರೂ ಕಾರಿನ ವೇಗ ಹೆಚ್ಚುತ್ತಲೇ ಹೋಗುತ್ತದೆ. ಚಳಿಗಾಲದ ಅಪಘಾತಗಳನ್ನು ತೋರಿಸುವ ದೃಶ್ಯಗಳಲ್ಲಿ ಚಕ್ರ ತಿರುಗದೆ ಕಾರು ತೇಲುತ್ತ ಇಳಿಯುವುದನ್ನು ಕಂಡು ಜನ ಬೆರಗಾಗುತ್ತಾರೆ. ಅದು ಹತ್ತನೆಯ ತರಗತಿಯ ವ್ಯವಕಲನ.

ವಾದಕ್ಕಾಗಿ, ಸರಪಳಿ ಕಟ್ಟಿದ ಚಕ್ರದ ಪರಿಣಾಮಕಾರಿ ಗುಣಾಂಕ 0.25 ಎಂದಿಟ್ಟುಕೊಳ್ಳಿ. ಮುಂದೆ ಎರಡಕ್ಕೆ ಮಾತ್ರ ಕಟ್ಟಿದರೆ ಇಡೀ ಕಾರಿಗೆ 0.6 × 0.25 + 0.4 × 0.1, ಅಂದರೆ 0.19. ಅದೇ ಇಳಿಜಾರಿನಲ್ಲಿ 89 ಮೀಟರಿನ ಬದಲು 27 ಮೀಟರು. ಲಾಭ ದೊಡ್ಡದು. ಆದರೆ ಈ ಸರಾಸರಿಯೊಳಗೆ ಒಂದು ಅಪಾಯ ಅಡಗಿದೆ. ಮುಂದೆ 0.25, ಹಿಂದೆ 0.1. ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದಾಗ ತೂಕ ಮುಂದಕ್ಕೆ ಸರಿಯುತ್ತದೆ, ಹಿಂಬದಿ ಇನ್ನೂ ಹಗುರವಾಗುತ್ತದೆ. ಮೂತಿ ಹಿಡಿತದಲ್ಲಿದ್ದರೂ ಬಾಲ ಹೊರಕ್ಕೆ ಬೀಸುತ್ತದೆ. ಸರಪಳಿ ಕಟ್ಟಿದ ಧೈರ್ಯದಲ್ಲಿ ವೇಗ ಹೆಚ್ಚಿಸಿದವರು ಗಿರಗಿರನೆ ತಿರುಗುವುದು ಹೀಗೆ. ಬರಿಯ ‘ಘರ್ಷಣೆ ಹೆಚ್ಚುತ್ತದೆ’ ಎಂಬುದರಿಂದ ಇದನ್ನು ಊಹಿಸಲು ಸಾಧ್ಯವೇ ಇಲ್ಲ. ಎಲ್ಲಿ ಎಷ್ಟು ಹೆಚ್ಚಿತು ಎಂಬುದೇ ಮುಖ್ಯ.

ಆಯ್ಕೆಯ ವಿಷಯಕ್ಕೆ ಬಂದರೆ, ಮೊದಲು ಟೈರಿನ ಬದಿಯಲ್ಲಿರುವ ಅಂಕಿಗಳನ್ನು ಓದಬೇಕು. 185/65 ಆರ್ 15 ಎಂದಿದ್ದರೆ ಅಗಲ 185 ಮಿ.ಮೀ.; ಬದಿಯ ಎತ್ತರ ಅದರ ಶೇಕಡ 65, ಅಂದರೆ 120 ಮಿ.ಮೀ.; ಲೋಹದ ಚಕ್ರದ ವ್ಯಾಸ 15 ಅಂಗುಲ. ಒಟ್ಟು ವ್ಯಾಸ 62 ಸೆ.ಮೀ., ಸುತ್ತಳತೆ 1.95 ಮೀಟರು. ಮೂರೂ ಅಂಕಿ ಹೊಂದುವ ಸರಪಳಿಯನ್ನೇ ಕೊಳ್ಳಬೇಕು; ‘15 ಅಂಗುಲದ ಚಕ್ರಕ್ಕೆ’ ಎಂದಷ್ಟೇ ಕೇಳಿ ತಂದರೆ ಸಡಿಲವಾದೀತು, ಇಲ್ಲವೇ ಕೊಕ್ಕೆ ಸೇರದು. ಎರಡನೆಯದು ಜಾಗ. ಚಕ್ರಕ್ಕೂ ಅದರ ಒಳಬದಿಯ ಸಸ್ಪೆನ್ಷನ್, ಬ್ರೇಕಿನ ಕೊಳವೆಗಳಿಗೂ ನಡುವೆ ಈಗಿನ ಕಾರುಗಳಲ್ಲಿ ಬಹಳ ಕಡಿಮೆ ಅಂತರ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಇದಕ್ಕಾಗಿ ವರ್ಗಗಳನ್ನು ಮಾಡಿದೆ. ‘ಎಸ್’ ವರ್ಗದಲ್ಲಿ ಟೈರಿನ ಮೇಲ್ಮೈ ಹೊರಗೆ ಸುಮಾರು 37 ಮಿ.ಮೀ., ಒಳಬದಿಯಲ್ಲಿ 15 ಮಿ.ಮೀ. ಜಾಗವಿದ್ದರೆ ಸಾಕು. ‘ಯು’ ವರ್ಗಕ್ಕೆ 50 ಮತ್ತು 23 ಮಿ.ಮೀ. ಬೇಕು. ಎಸ್ ವರ್ಗದ ಕಾರಿಗೆ ದಪ್ಪ ಸರಪಳಿ ಕಟ್ಟಿದರೆ ಅದು ಬ್ರೇಕಿನ ಕೊಳವೆಯನ್ನೇ ಕತ್ತರಿಸಬಹುದು. ಸರಪಳಿಯನ್ನೇ ಕಟ್ಟಬಾರದು ಎಂದು ಕೈಪಿಡಿಯಲ್ಲಿ ಬರೆದಿರುವ ಕಾರುಗಳೂ ಇವೆ. ಅಂಥವಕ್ಕೆ ಬಟ್ಟೆಯ ಗವಸುಗಳು ದೊರೆಯುತ್ತವೆ. ಬರಿ ಡಾಂಬರಿನ ಮೇಲೆ ಅವು ಬೇಗ ಹರಿಯುತ್ತವೆ.

ಮೂರನೆಯದು ಹೆಣಿಗೆ. ಏಣಿಯಂತೆ ಅಡ್ಡಪಟ್ಟಿಗಳಿರುವ ಸರಪಳಿ ಅಗ್ಗ. ಎಳೆಯುವುದಕ್ಕೂ ನಿಲ್ಲಿಸುವುದಕ್ಕೂ ಅದು ಚೆನ್ನಾಗಿಯೇ ಕಚ್ಚುತ್ತದೆ. ಆದರೆ ಕಾರು ಪಕ್ಕಕ್ಕೆ ಜಾರತೊಡಗಿದಾಗ ಆ ಅಡ್ಡಪಟ್ಟಿ ತನ್ನ ಉದ್ದಕ್ಕೆ ತಾನೇ ಸರಿಯುತ್ತದೆ, ಸ್ಕೇಟಿನ ಅಲಗಿನಂತೆ. ಎರಡು ಪಟ್ಟಿಗಳ ನಡುವೆ ರಬ್ಬರು ಮಾತ್ರ ನೆಲಕ್ಕೆ ತಾಗುವ ಕ್ಷಣಗಳೂ ಇರುತ್ತವೆ; ದಡದಡ ಕುಲುಕಾಟ ಅದರಿಂದಲೇ. ವಜ್ರಾಕೃತಿಯ ಹೆಣಿಗೆಯಲ್ಲಿ ಓರೆ ಕೊಂಡಿಗಳು ಎರಡೂ ದಿಕ್ಕಿಗೆ ಕಚ್ಚುತ್ತವೆ, ಒಂದಿಲ್ಲೊಂದು ಸದಾ ನೆಲದ ಮೇಲಿರುತ್ತದೆ. ಘಟ್ಟದ ತಿರುವುಗಳಿಗೆ ಹೋಗುವವರು ಹೆಚ್ಚು ಹಣ ಕೊಟ್ಟು ಇದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಕಟ್ಟುವ ವಿಧಾನವನ್ನು ಪೆಟ್ಟಿಗೆಯೊಳಗಿನ ಹಾಳೆ ಚಿತ್ರಸಹಿತ ಹೇಳುತ್ತದೆ, ಕಾರಣ ಮಾತ್ರ ಹೇಳುವುದಿಲ್ಲ. ಸರಪಳಿಯ ಗಂಟು-ತಿರುಚು ಬಿಡಿಸಿ ಹರಡಿ. ತಿರುಚಿದ ಒಂದು ಕೊಂಡಿ ಇಡೀ ಸರಪಳಿಯನ್ನು ಗಿಡ್ಡ ಮಾಡುತ್ತದೆ. ಕೊಕ್ಕೆಗಳ ತೆರೆದ ಬಾಯಿ ಹೊರಕ್ಕಿರಲಿ. ಒಳಕ್ಕಿದ್ದರೆ ಅದು ಟೈರಿನ ಬದಿಯನ್ನು ಕೊರೆಯುತ್ತದೆ. ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ. ಒಳಗಿನದು ಕಾಣದ ಕಾರಣ ಅದು ಸರಿಯಾಗಿ ಸೇರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಸುಮಾರು ನೂರು ಮೀಟರು ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕು. ಚಕ್ರ ಉರುಳುವಾಗ ಟೈರಿನ ಅಡಿ ಚಪ್ಪಟೆಯಾಗಿ ಸರಪಳಿ ತನ್ನ ಜಾಗಕ್ಕೆ ಕೂರುತ್ತದೆ, ಆಗ ಸಡಿಲ ಹೊರಬೀಳುತ್ತದೆ. ಸುಲಭವಾಗಲಿ ಎಂದು ಗಾಳಿ ಇಳಿಸಿ ಕಟ್ಟುವವರಿದ್ದಾರೆ. ಬೇಡ, ಮತ್ತೆ ಗಾಳಿ ತುಂಬಲು ಬೆಟ್ಟದ ಮೇಲೆ ಪಂಪು ಸಿಗುವುದಿಲ್ಲ, ಒತ್ತಡ ಕಡಿಮೆಯಿರುವ ಟೈರಿನ ಮೇಲೆ ಸರಪಳಿ ಸರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಣ ದಿನದಲ್ಲಿ ಮನೆಯಂಗಳದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ನೋಡಬೇಕು. ಮೈನಸ್ ಐದು ಡಿಗ್ರಿಯಲ್ಲಿ, ಕತ್ತಲಲ್ಲಿ, ಬದಿಯಲ್ಲಿ ಲಾರಿಗಳು ಹಾಯುತ್ತಿರುವಾಗ ಮೊದಲ ಪಾಠ ಕಲಿಯಬಾರದು. ಕ್ಯಾಲಿಫೋರ್ನಿಯದ ಘಟ್ಟಗಳಲ್ಲಿ ಪರವಾನಗಿ ಪಡೆದು ಕೂಲಿಗೆ ಸರಪಳಿ ಕಟ್ಟಿಕೊಡುವವರೇ ಇರುವುದು ಸುಮ್ಮನೆ ಅಲ್ಲ.

ವೇಗ ಗಂಟೆಗೆ 50 ಕಿ.ಮೀ. ಮೀರಬಾರದೆಂಬ ನಿಯಮಕ್ಕೂ ಕಾರಣ ಹೇಳಬಹುದಿತ್ತು. ಸರಪಳಿಯ 200 ಗ್ರಾಮಿನ ಒಂದು ತುಂಡನ್ನು ನೋಡಿ. 50 ಕಿ.ಮೀ. ವೇಗದಲ್ಲಿ, 31 ಸೆ.ಮೀ. ತ್ರಿಜ್ಯದಲ್ಲಿ ಅದನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದ ವೇಗೋತ್ಕರ್ಷ ಗುರುತ್ವದ 63 ಪಟ್ಟು; ಅಂದರೆ 200 ಗ್ರಾಂ ಸುಮಾರು 12.5 ಕಿಲೋಗ್ರಾಮಿನಂತೆ ಹೊರಕ್ಕೆ ಎಳೆಯುತ್ತದೆ. 100 ಕಿ.ಮೀ. ವೇಗದಲ್ಲಿ ವರ್ಗ ನಿಯಮದಂತೆ ಅದು 50 ಕಿಲೋಗ್ರಾಂ. ಸಡಿಲ ತುದಿ ಈ ಬಲದಲ್ಲಿ ಪ್ರತಿ ಸುತ್ತಿಗೆ ಒಮ್ಮೆ ಕಾರಿನ ಒಡಲಿಗೆ ಬಡಿಯುತ್ತದೆ. ಹಿಮ ಮುಗಿದು ಡಾಂಬರು ಕಂಡ ಕೂಡಲೇ ಬಿಚ್ಚಬೇಕು. ಅಲ್ಲಿ ಉಕ್ಕು ಕಚ್ಚಲಾರದು, ಬರಿದೇ ಜಾರುತ್ತದೆ; ಅಮೊಂಟನ್ ನಿಯಮ ಆ ಕ್ಷಣ ಮರಳಿ ಬರುತ್ತದೆ.

ಸರಕಾರದ ನಿಯಮಗಳಲ್ಲಿ ಕ್ಯಾಲಿಫೋರ್ನಿಯದ್ದು ಭೌತಶಾಸ್ತ್ರಕ್ಕೆ ಹೆಚ್ಚು ಹತ್ತಿರವಿದೆ. ಮೂರು ಹಂತಗಳು. ಆರ್1ರಲ್ಲಿ, ಎಂಜಿನ್ನಿನ ಬಲ ಹೋಗುವ ಚಕ್ರಗಳಿಗೆ ಹಿಮದ ಟೈರುಗಳಿರುವ ಹಗುರ ವಾಹನಕ್ಕೆ ವಿನಾಯಿತಿ. ಆರ್2ರಲ್ಲಿ, ನಾಲ್ಕಕ್ಕೂ ಬಲ ಹೋಗುವ ಮತ್ತು ನಾಲ್ಕಕ್ಕೂ ಹಿಮದ ಟೈರು ಇರುವ ವಾಹನಕ್ಕೆ ಮಾತ್ರ ವಿನಾಯಿತಿ. ಅದೂ ಸರಪಳಿಯನ್ನು ಜೊತೆಯಲ್ಲಿ ಒಯ್ಯಬೇಕು. ಆರ್3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿರುತ್ತಾರೆ. ಆದರೂ ಆರ್2ರ ವಿನಾಯಿತಿ, ಏರುವ ಶಕ್ತಿಯನ್ನು ನಿಲ್ಲುವ ಶಕ್ತಿಯೊಂದಿಗೆ ಕಲಸಿದೆ ಎಂಬ ತಕರಾರು ನನಗಿದೆ. ನಿಲ್ಲಲು ನೆರವಾಗುವುದು ನಾಲ್ಕು ಹಿಮದ ಟೈರುಗಳೇ ಹೊರತು ನಾಲ್ಕು ಚಕ್ರದ ಬಲವಲ್ಲ.

ನಮ್ಮಲ್ಲಿ ಇದು ದೂರದ ಮಾತಾಗಿ ಉಳಿದಿಲ್ಲ. ರೋಹ್ತಾಂಗ್ ಕಣಿವೆಯ ಕೆಳಗಿನ 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ, ಹಿಂದೆ ಚಳಿಗಾಲದಲ್ಲಿ ಮುಚ್ಚಿಹೋಗುತ್ತಿದ್ದ ಲಾಹೌಲಿಗೂ ಪ್ರವಾಸಿಗರ ಕಾರುಗಳು ಹೋಗುತ್ತಿವೆ. ಹಿಮ ಬಿದ್ದ ದಿನಗಳಲ್ಲಿ ನಾಲ್ಕು ಚಕ್ರದ ಬಲದ ವಾಹನ ಅಥವಾ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಬಿಡುವುದುಂಟು. ಆ ‘ಅಥವಾ’ ಎಂಬ ಪದ ಇಳಿಜಾರಿನಲ್ಲಿ ಎಷ್ಟು ಅಪಾಯಕಾರಿ ಎಂಬುದನ್ನು ಮೇಲಿನ 89 ಮೀಟರಿನ ಲೆಕ್ಕ ಹೇಳುತ್ತದೆ. ಬೆಂಗಳೂರಿನ ನೋಂದಣಿ ಫಲಕದ ಕಾರುಗಳೂ ಬೇಸಗೆಯ ಟೈರಿನಲ್ಲೇ ಅಲ್ಲಿಗೆ ಹೋಗುತ್ತವೆ. ಚಳಿಯಲ್ಲಿ ಆ ರಬ್ಬರು ಗಡುಸಾಗಿ ಹಿಡಿತ ಇನ್ನೂ ಕುಸಿಯುತ್ತದೆ. ಸಿಕ್ಕಿಕೊಂಡರೆ ಹೊಗೆಕೊಳವೆಯ ಬಾಯಿಗೆ ಮುಚ್ಚಿದ ಹಿಮವನ್ನು ಮೊದಲು ತೆಗೆಯಬೇಕು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ಸಿಲುಕಿದ ಕಾರುಗಳೊಳಗೆ 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರ ಸಾವಿಗೆ ಕಾರ್ಬನ್ ಮಾನಾಕ್ಸೈಡ್ ಕಾರಣವೆಂದು ಶಂಕಿಸಲಾಯಿತು.

ಅಧ್ಯಾಪಕರು ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ಐಸ್ ಕಾರ್ಖಾನೆಯಿಂದ ಒಂದು ಮಂಜುಗಡ್ಡೆಯ ಹಲಗೆ ತನ್ನಿ. ಹಳೆಯ ಟೈರಿನ ತುಂಡಿನ ಮೇಲೆ ಇಟ್ಟಿಗೆ ಇಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಅದೇ ತುಂಡಿಗೆ ನಾಯಿಯ ಸರಪಳಿ ಸುತ್ತಿ ಮತ್ತೆ ಎಳೆಯಿರಿ. ಇಟ್ಟಿಗೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ, ಎಳೆದ ಬಲ ಭಾಗಿಸು ತೂಕ ಎಂಬ ಅನುಪಾತವನ್ನು ಬರೆದುಕೊಳ್ಳಲು ಮಕ್ಕಳಿಗೆ ಹೇಳಿ. ಒಂದೇ ಇಟ್ಟಿಗೆಯ ತೂಕಕ್ಕೆ ಕೊಂಡಿ ಕಚ್ಚಿತೇ, ಇಲ್ಲ ಸ್ಕೇಟಿನಂತೆ ಜಾರಿತೇ? ಸರಪಳಿಯನ್ನು ಅಡ್ಡ ಇಟ್ಟಾಗ ಎಷ್ಟು, ಉದ್ದ ಇಟ್ಟಾಗ ಎಷ್ಟು? ಮೇಲ್ಮೈಯ ನೀರನ್ನು ಬಟ್ಟೆಯಿಂದ ಒರೆಸಿದರೆ ಏನಾಯಿತು? ಅನುಪಾತ ಸ್ಥಿರವಾಗಿ ಬರಲಿಲ್ಲವೆಂದು ಯಾರಾದರೂ ದೂರಿದರೆ ಅಂಕಿಗಳನ್ನು ತಿದ್ದಲು ಬಿಡಬೇಡಿ. ಬಂದ ಹಾಗೆಯೇ ದಾಖಲೆ ಪುಸ್ತಕದಲ್ಲಿ ಬರೆಯಲಿ.